ಗ್ಲಾಸು ಏರಿಸಿ ಕೇಳಿದ ಹಾಡು

ಮೊನ್ನೆ ಮಹಾಲಿಂಗಪುರ ದಾಟಿ ಬನಹಟ್ಟಿಯ ಕಡೆಗೆ ಕಾರು ಓಡಿಸುತ್ತಿದ್ದೆ. ಫೋನಿನಿಂದ ಕಾರಿನ ಸ್ಪೀಕರಿಗೆ ಬರುತ್ತಿದ್ದ ಹಾಡು ಅರ್ಧಕ್ಕೇ ನಿಂತಿತು. ನೆಟ್‌ವರ್ಕ್ ಹೋಗಿತ್ತು, ಅಷ್ಟೆ. ಆದರೆ ನನ್ನ ಬಾಯಿಂದ ಬಂದ ಮಾತೇ ಬೇರೆ: “ಮರ ಬಂತ ನೋಡು.” ಪಕ್ಕದಲ್ಲಿದ್ದ ಹೆಂಡತಿ ರಸ್ತೆಯ ಎರಡೂ ಬದಿ ನೋಡಿದಳು. ಕಬ್ಬು ಬಿಟ್ಟರೆ ಏನೂ ಇರಲಿಲ್ಲ. “ಯಾವ ಮರಾರಿ?” ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಿಂದಿನ ಸೀಟು ಖಾಲಿಯಿದೆ, ಕೂತುಕೊಳ್ಳಿ.

ಬನಹಟ್ಟಿಯ ನಮ್ಮ ಸೋದರಮಾವನ ಮನೆಯೆಂದರೆ ಒಂದು ಮಗ್ಗದ ಶೆಡ್ಡು, ಅದಕ್ಕೆ ಅಂಟಿಕೊಂಡ ಒಂದು ಅಡುಗೆಮನೆ. ಕರೆಂಟಿನ ಮಗ್ಗಗಳ ಖಟಪಟದಲ್ಲಿ ಅಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಕೂಗಿದ್ದೂ ಕೇಳದಿದ್ದರೆ ಕೈಸನ್ನೆ. ಇಂಥ ಮನೆಯಲ್ಲಿ ಹುಟ್ಟಿದ ಮಾವನಿಗೆ ಹಾಡಿನ ಹುಚ್ಚು! ಕರೆಂಟು ಇದ್ದರೆ ಮಗ್ಗದ ಸದ್ದಿನಲ್ಲಿ ಟೇಪು ಕೇಳಿಸದು. ಕರೆಂಟು ಹೋದರೆ ಮಗ್ಗದ ಜೊತೆ ಟೇಪೂ ಬಂದ್. ಕಿವಿಗೆ ಸಿಕ್ಕಿಸಿಕೊಳ್ಳುವ ಬ್ಯಾಟರಿ ಪ್ಲೇಯರ್ ತಂದ. ಕಿವಿಯಲ್ಲಿ ಹಾಡಿದ್ದರಿಂದ ಮಗ್ಗದ ಸದ್ದು ಬದಲಾದದ್ದು ತಿಳಿಯದೆ, ಎಳೆ ಹರಿದು ಸೀರೆ ಕೆಟ್ಟಿತು. ಅತ್ತೆ ಆ ಪ್ಲೇಯರನ್ನು ಅವನ ಕಿವಿಯಿಂದ ಕಿತ್ತು ಜೋಳದ ಡಬ್ಬಿಯೊಳಗೆ ಹುಗಿದಿಟ್ಟಳು.

ಅದೇ ದಿನಗಳಲ್ಲಿ ಜಮಖಂಡಿಯ ಡಾಕ್ಟರು ಮಾವನ ಕಿವಿ ನೋಡಿ, ಮಗ್ಗದ ಸದ್ದು ಇದನ್ನು ತಿಂದಿದೆ, ಇನ್ನು ಮೆಲ್ಲಗೆ ಪೂರ್ತಿ ಹೋಗುತ್ತದೆ ಎಂದರು. ಬೇರೆ ಯಾರಾದರೂ ಆಗಿದ್ದರೆ ಅತ್ತು ಮಲಗುತ್ತಿದ್ದರು. ನಮ್ಮ ಮಾವ ಒಂದು ಹಳೆ ಕಾರನ್ನೂ ಅದರೊಳಗಿಡಲು ಒಂದು ಸ್ಯಾಟಲೈಟ್ ರೇಡಿಯೊವನ್ನೂ ತಂದ. “ಇರೂತನಕ ಕೇಳಿಬಿಡೂಣು” ಎಂದ.

ಉಪಗ್ರಹದಿಂದ ನೇರವಾಗಿ ಹಾಡು ಇಳಿಸುವ ಯಂತ್ರ ಅದು. ಅಂಗೈಯಗಲದ ಆಂಟೆನಾವನ್ನು ಕಾರಿನ ಮೇಲಿಟ್ಟು ಆಕಾಶಕ್ಕೆ ಮುಖ ಮಾಡಬೇಕು. ಹುಣಸೆಮರ ಅಡ್ಡ ಬಂದರೂ ಮೂಕ, ಕಬ್ಬು ಹೇರಿದ ಟ್ರ್ಯಾಕ್ಟರು ಅಡ್ಡ ಬಂದರೂ ಮೂಕ. “ಮರ ಬಂತ” ಎಂದು ಮಾವ ಗೊಣಗುತ್ತಿದ್ದ. ನೆರಳಿಗಾಗಿ ಕಾರು ನಿಲ್ಲಿಸುವವರನ್ನು ನೀವು ನೋಡಿದ್ದೀರಿ. ಮಾವ ಬಿಸಿಲು ಹುಡುಕಿಕೊಂಡು ಹೋಗುತ್ತಿದ್ದ. ಮಗ್ಗಕ್ಕೆ ರಜೆಯಿದ್ದ ದಿನ ಅತ್ತೆಯನ್ನೂ, ಮುಧೋಳದಲ್ಲಿ ನೌಕರಿಗಿದ್ದ ನನ್ನನ್ನೂ ಕೂಡಿಸಿಕೊಂಡು ಹುನ್ನೂರಿನ ಕಡೆಯ ಬಯಲಿಗೆ ಹೋಗಿ ನಿಲ್ಲಿಸುವನು. “ಗ್ಲಾಸ್ ಏರಸ್ರಿ! ಹಾಡು ಹೊರಗ ಹೋಗತೈತಿ!” ನಾವು ಒಳಗೆ ಇಡ್ಲಿಯಂತೆ ಬೇಯುತ್ತಿದ್ದೆವು. ಮಾವ ಮಾತ್ರ ಕಣ್ಣು ಮುಚ್ಚಿ, ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ, ಉಗುಳು ನುಂಗುವುದನ್ನೂ ತಡೆದು ಕೇಳುವನು. ಸಾವಿರಾರು ಹಾಡು ಕಿಸೆಯಲ್ಲಿಟ್ಟುಕೊಂಡು ಒಂದನ್ನೂ ಪೂರ್ತಿ ಕೇಳದ ನನಗೆ ಆ ಮುಖ ಈಗಲೂ ಬೆರಗು.

ಒಂದು ದಿನ ಬಯಲಿನಲ್ಲೇ ರೇಡಿಯೊ ಮೂಕವಾಯಿತು. ಮಾವ ಕಾರನ್ನು ಹಿಂದೆ ತಂದ, ಮುಂದೆ ಒಯ್ದ. ಬಾನೆಟ್ ಹತ್ತಿ ಆಂಟೆನಾವನ್ನು ಎಲ್ಲ ದಿಕ್ಕಿಗೂ ತಿರುಗಿಸಿದ. ಸುತ್ತ ಒಂದು ಜಾಲಿಗಿಡವೂ ಇರಲಿಲ್ಲ. ಹಾಡು ಕಳಿಸುತ್ತಿದ್ದ ಕಂಪನಿಯೇ ಬಾಗಿಲು ಹಾಕಿದ್ದು ನಮಗೆ ಗೊತ್ತಾದದ್ದು ಆಮೇಲೆ. ಮಾವ ಸ್ಟೇರಿಂಗ್ ಹಿಡಿದು ಕೂತು, “ಆತು ಬಿಡು. ಇನ್ನ ಕೇಳೂದು ಮುಗೀತು” ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಿಂದಿನ ಸೀಟಿನಿಂದ ಅತ್ತೆ ಹೇಳಿದಳು: “ಗ್ಲಾಸ್ ಏರಸ್ರಿ ಮೊದಲ.”

ಏರಿಸಿದ ಮೇಲೆ ಹಾಡಿದಳು. ತವರಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಕಲಿತ ಬೀಸುವ ಪದ. ತೆಳ್ಳಗಿನ, ಎಲ್ಲೂ ಗಂಟಿಲ್ಲದ ದನಿ. ಮಾವ ಪೂರ್ತಿ ಹಿಂದಕ್ಕೆ ತಿರುಗಿ ಕೂತ. ಹಾಡು ಮುಗಿದ ಮೇಲೆ ಕೇಳಿದ: “ಏ, ಇದನ್ನ ಇಷ್ಟ ದಿನಾ ಎಲ್ಲಿ ಇಟ್ಟಿದ್ದಿ?”

“ಎಲ್ಲಿ ಇಡೂದ್ರಿ? ನಿಮ್ಮ ಬಾಜೂಕ ನಿಂತು ಮಗ್ಗದಾಗ ದಿನಾ ಹಾಡತಿದ್ನಿ. ನಿಮಗ ಎಳಿ ಹರದದ್ದು ಕೇಳತಿತ್ತು, ನಾ ಹಾಡಿದ್ದು ಕೇಳತಿದ್ದಿಲ್ಲ.”

ರೇಡಿಯೊ ಅಟ್ಟ ಸೇರಿತು. ಬಯಲಿಗೆ ಹೋಗುವುದು ನಿಲ್ಲಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಮೊನ್ನೆ ಬನಹಟ್ಟಿ ಬಂತು. ಹಳೆ ಕಾರು ಎಂದೋ ಗುಜರಿಗೆ ಹೋಗಿದೆ. ಮಾವನಿಗೆ ಈಗ ಕಿವಿಗೆ ಮಶೀನು ಹಾಕಿದರೂ ಹತ್ತಿರದ ಮಾತಷ್ಟೇ ಕೇಳಿಸುತ್ತದೆ. ಮಾವ, ಅತ್ತೆ ಇಬ್ಬರನ್ನೂ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಅದೇ ಬಯಲಿಗೆ ಒಯ್ದೆ. ನೆಟ್‌ವರ್ಕು ಇತ್ತು. ಜಂಬದಿಂದ ಕೂಗಿದೆ: “ಮಾವಾ, ಯಾವ ಹಾಡು ಹಚ್ಚಲಿ? ಎಲ್ಲಾ ಅದಾವು!”

“ಬಂದ್ ಮಾಡಲೇ ಅದನ್ನ,” ಎಂದು ಮಾವ ಅತ್ತೆಯ ಕಡೆಗೆ ಕಿವಿ ತಂದ.

ಅತ್ತೆಯ ದನಿ ಈಗ ನಡುಗುತ್ತದೆ. ಎರಡು ಸಾಲು ಹಾಡಿ ನಿಲ್ಲಿಸಿದಳು. ಮಾವ ಗಾಬರಿಯಿಂದ ಕಣ್ಣು ತೆರೆದು ಮಶೀನು ಮುಟ್ಟಿಕೊಂಡ.

“ಮರ ಬಂತೇನ?”

“ಇಲ್ರಿ. ಉಸರ ತಗೊಂಡ್ನಿ,” ಎಂದು ಅತ್ತೆ ಇನ್ನಷ್ಟು ಹತ್ತಿರ ಸರಿದು, ಅವನ ಕಿವಿಗೆ ಬಾಯಿಟ್ಟು ಮುಂದಿನ ಸಾಲು ಎತ್ತಿದಳು.

ನನ್ನ ಕಡೆಯ ಗ್ಲಾಸು ಒಂದಿಷ್ಟು ಇಳಿದಿತ್ತು. ಏರಿಸಿದೆ.