ನ್ಗಾರಾದ ನೂರ ಮೂವತ್ತೇಳು ಮನೆಗಳು

ಶಾಂತಾ ಮೇಡಂ ಹತ್ತಿರ ಗಣಿತ ಕಲಿತವರು ನೈರೋಬಿಯಲ್ಲಿ ಇವತ್ತಿಗೂ ಸಾವಿರಕ್ಕೆ ಕಡಿಮೆಯಿಲ್ಲ. ಅವರಲ್ಲಿ ಯಾರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ: ಉತ್ತರ ಸರಿಯಿದ್ದರೂ ನಡುವಿನ ಒಂದು ಹಂತ ಬಿಟ್ಟಿದ್ದರೆ ಮೇಡಂ ಅಂಕ ಕೊಡುತ್ತಿರಲಿಲ್ಲ.

ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದ ಶಾಂತಾ, ತಮ್ಮ ಮನೆತನದಲ್ಲಿ ಬಿ.ಎಸ್ಸಿ. ಓದಿದ ಮೊದಲ ಹೆಣ್ಣುಮಗಳು. 1984ರ ಜೂನ್‌ನಲ್ಲಿ ಮದುವೆಯಾಗಿ ನೈರೋಬಿಗೆ ಬಂದರು. ಗಂಡ ಶ್ರೀನಿವಾಸ್ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ಶಾಂತಾ ಹುಡುಗಿಯರ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದರು. ಒಂಬತ್ತು ವರ್ಷಗಳ ಹಿಂದೆ, ಇಬ್ಬರೂ ನಿವೃತ್ತರಾಗಿ ಮನೆಯಲ್ಲಿದ್ದಾಗ, ಒಂದು ಬೆಳಿಗ್ಗೆ ಶ್ರೀನಿವಾಸ್ ಕಾಫಿ ಲೋಟ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದವರು ಮತ್ತೆ ಏಳಲಿಲ್ಲ. ಮಗ ಅಭಯ್ ಗಿಗಿರಿಯ ಅಂತಾರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಅಮ್ಮನ ಪಾರ್ಕ್‌ಲ್ಯಾಂಡ್ಸ್ ಫ್ಲಾಟಿಗೂ ಅವನ ಮನೆಗೂ ಕಾರಿನಲ್ಲಿ ಅರ್ಧ ಗಂಟೆ. ಆದರೂ ಭೇಟಿ ಭಾನುವಾರದ ಊಟಕ್ಕೆ ಮಾತ್ರ.

ಉಳಿದ ಆರು ದಿನಗಳ ಮಧ್ಯಾಹ್ನಗಳೇ ಕಷ್ಟದವು. ಒಬ್ಬರಿಗೆ ಅನ್ನ ಮಾಡಿ, ಒಂದು ತಟ್ಟೆ ತೊಳೆದು ಗಡಿಯಾರ ನೋಡಿದರೆ ಇನ್ನೂ ಒಂದೂವರೆ. ಹಾಗಾಗಿ ಅವರು ಮಟಾಟು ಎಂಬ ಬಾಡಿಗೆ ವ್ಯಾನ್ ಹತ್ತಿ ನ್ಗಾರಾದಲ್ಲಿ ಇಳಿದು ಸುಮ್ಮನೆ ನಡೆಯತೊಡಗಿದರು. ನೈರೋಬಿ ನದಿಯ ಆಚೆ ದಡದ ಆ ಭಾಗದಲ್ಲಿ, ರೈಲು ಬಂದ ಕಾಲದ ನಂತರ ಗುಜರಾತಿ ಅಂಗಡಿಯವರು, ಗೋವಾದ ಗುಮಾಸ್ತರು, ಪಂಜಾಬಿ ಬಡಗಿಗಳು ಕಟ್ಟಿಸಿದ ಬೂದು ಕಲ್ಲಿನ ಮನೆಗಳಿವೆ. ಮುಂದೆ ಕಂಬಗಳ ಜಗಲಿ, ಹಿಂದೆ ಅಂಗಳ, ನೆತ್ತಿಯ ಮೇಲೆ ಗಾರೆಯಲ್ಲಿ ಎತ್ತಿದ ಹೆಸರು ಮತ್ತು ವರ್ಷ. ಈಗ ಅಂಥ ಜಗಲಿಗಳಲ್ಲಿ ಮೊಬೈಲ್ ರಿಪೇರಿ, ಹಳೆ ಬಟ್ಟೆ ವ್ಯಾಪಾರ, ಕ್ಷೌರದಂಗಡಿ. ಎರಡು ಮನೆಗಳ ನಡುವೆ ಇದ್ದಕ್ಕಿದ್ದಂತೆ ಹದಿನೈದು ಮಹಡಿಯ ಹಾಸ್ಟೆಲ್ ಎದ್ದಿರುತ್ತದೆ.

ಹಳೆಯ ಕಟ್ಟಡಗಳ ಪಟ್ಟಿ ಮಾಡುತ್ತಿದ್ದ ಒಂದು ಸಮಿತಿ ವೆಸ್ಟ್‌ಲ್ಯಾಂಡ್ಸ್‌ನಲ್ಲಿತ್ತು. ಯಾವ ಮನೆ ಉಳಿಯಬೇಕು ಎಂದು ಅದು ಶಿಫಾರಸು ಮಾಡುತ್ತಿತ್ತು. ಅವರಿಗೆ ಬೀದಿ ಸುತ್ತುವವರು ಬೇಕಿತ್ತು. ಶಾಂತಾ ಅವರಿಗೆ ಬೀದಿ ಬೇಕಿತ್ತು. ಒಂದೊಂದು ಮನೆಗೂ ಒಂದು ಹಾಳೆ: ಟೇಪು ಹಿಡಿದು ಅಳೆದ ಉದ್ದಗಲ, ಗ್ರಾಫ್ ಕಾಗದದ ಮೇಲೆ ಮುಂಭಾಗದ ಚಿತ್ರ, ಕಟ್ಟಿದ ವರ್ಷ, ಆ ವರ್ಷಕ್ಕೆ ಎರಡು ಸಾಕ್ಷಿ. ಒಂದು ಗೋಡೆಯದು, ಇನ್ನೊಂದು ಹಳೆಯ ದಾಖಲೆಯದು ಅಥವಾ ನೆರೆಯ ಹಿರಿಯರದು. ಮೂರು ವರ್ಷಗಳಲ್ಲಿ ಅವರು ನೂರ ಮೂವತ್ತೇಳು ಮನೆಗಳ ಹಾಳೆ ಮುಗಿಸಿದರು. ಅದರ ನಂತರವೂ ವರ್ಷಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಬಿರುಕು ಬಿಟ್ಟಿದೆಯೇ, ಬಾಗಿಲು ಬದಲಾಯಿಸಿದ್ದಾರೆಯೇ ಎಂದು ನೋಡಿ ಬರುತ್ತಿದ್ದರು.

ಅವುಗಳಲ್ಲಿ ಒಂದು ಮನೆಗೆ ಮಾತ್ರ ಕಾರಣವಿಲ್ಲದೆಯೂ ಹೋಗುತ್ತಿದ್ದರು. ನದಿಯ ಕಡೆಗೆ ಇಳಿಯುವ ಓಣಿಯ ರೇವಾ ನಿವಾಸ. ಅದರ ನೆತ್ತಿಯ ಮೇಲಿನ ವರ್ಷ ಗುಜರಾತಿ ಅಂಕಿಗಳಲ್ಲಿತ್ತು. ಅವು ಹಿಂದಿ ಅಂಕಿಗಳನ್ನೇ ಹೋಲುತ್ತವೆ, ಶಾಲೆಯಲ್ಲಿ ಹಿಂದಿ ಓದಿದ್ದರಿಂದ ಶಾಂತಾ ಅದನ್ನು ಸಲೀಸಾಗಿ ಓದಿದರು: 1984. ತಾವು ಈ ಊರಿಗೆ ಬಂದ ವರ್ಷ! ಗೋಡೆ ಹಳೆಯದಾಗಿ ಕಂಡರೂ ನೆತ್ತಿಯ ಗಾರೆಗೆ ಹೊಸ ಬಣ್ಣವಿತ್ತು. ಮುಂಭಾಗವನ್ನು ಕೆಡವಿ ಮತ್ತೆ ಕಟ್ಟಿರಬೇಕು ಎಂದುಕೊಂಡು ಹಾಗೆಯೇ ಬರೆದರು. ನೆಲಮಹಡಿಯ ಜಗಲಿಯಲ್ಲಿ ನ್ಯಾಂಬುರಾ ಎಂಬ ಹೆಂಗಸು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಯಂತ್ರದ ಪಕ್ಕದಲ್ಲಿ ಕುಳಿತು, ಈ ಕಲ್ಲಿಗೂ ನನಗೂ ಇಲ್ಲಿ ಒಂದೇ ವಯಸ್ಸು ಎಂದು ಶಾಂತಾ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು. ಹಾಗೆ ಅಂದುಕೊಂಡ ದಿನ ಫ್ಲಾಟಿಗೆ ಹಿಂತಿರುಗುವುದು ಸ್ವಲ್ಪ ಹಗುರವಾಗುತ್ತಿತ್ತು.

ಈ ಫೆಬ್ರುವರಿಯಲ್ಲಿ ಹೋದಾಗ ನ್ಯಾಂಬುರಾ ಯಂತ್ರ ನಿಲ್ಲಿಸಿ ಒಂದು ಕಾಗದ ಚಾಚಿದಳು.

"ಮ್ವಾಲಿಮು, ಓದಿ ನೋಡಿ." ಮ್ವಾಲಿಮು ಎಂದರೆ ಟೀಚರು, ಓಣಿಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ.

ಮನೆ ಮಾರಾಟವಾಗಿತ್ತು. ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು, ಆಮೇಲೆ ಕೆಡವುತ್ತಾರೆ.

"ಎದುರಿನ ಮನೆಯನ್ನು ಮುಟ್ಟೋ ಹಾಗಿಲ್ಲವಂತೆ, ನಿಮ್ಮ ಪಟ್ಟಿಯಲ್ಲಿ ಇದೆಯಂತೆ," ಎಂದಳು ನ್ಯಾಂಬುರಾ. "ನಮ್ಮದು ಯಾಕಿಲ್ಲ? ಇದೇನು ಅದಕ್ಕಿಂತ ಕುರೂಪವಾಗಿದೆಯಾ?"

"ಅದು ಮೂವತ್ತೊಂದರದು. ಇದರ ಮುಂಭಾಗ ಹೊಸದು ನ್ಯಾಂಬುರಾ. ಎಂಬತ್ನಾಲ್ಕರದು. ಹೊಸದಾಗಿ ಕಟ್ಟಿದ್ದನ್ನ ಅವರು ತಗೊಳ್ಳಲ್ಲ."

"ಹೊಸದು!" ನ್ಯಾಂಬುರಾ ಕಂಬಕ್ಕೆ ಕೈಯಿಂದ ಬಡಿದಳು. "ನಿಮ್ಮ ಕಣ್ಣಿಗೆ ನಾನೂ ಹೊಸಬಳೇ ಇರಬೇಕು."

ಅವಳು ನಕ್ಕಳು. ಶಾಂತಾ ನಗಲಿಲ್ಲ.

ಅದೇ ವಾರದ ಬುಧವಾರ ಕೊತ್ತಂಬರಿ ತರಲು ಪಾರ್ಕ್‌ಲ್ಯಾಂಡ್ಸ್‌ನ ಹಂಸಾಬೆನ್ ಅಂಗಡಿಗೆ ಹೋದರು. ಮುಂದಿದ್ದವರು ಚೌಕಾಸಿ ಮಾಡುತ್ತಾ ನಿಂತಿದ್ದರಿಂದ ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹೋಯಿತು. ಲಕ್ಷ್ಮಿಯ ಚಿತ್ರದ ಕೆಳಗೆ ಗುಜರಾತಿ ಅಂಕಿಗಳಲ್ಲಿ 2082 ಎಂದಿತ್ತು.

"ಹಂಸಾಬೆನ್, ಇದು ಯಾವ ವರ್ಷ?"

"ನಮ್ಮ ವರ್ಷ, ವಿಕ್ರಮ ಸಂವತ್. ದೀಪಾವಳಿ ಆದ ಮೇಲೆ ಬದಲಾಗತ್ತೆ." ಹಂಸಾಬೆನ್ ತಕ್ಕಡಿಯಿಂದ ತಲೆ ಎತ್ತಿದರು. "ನಲವತ್ತು ವರ್ಷದಿಂದ ನನ್ನ ಅಂಗಡಿಗೆ ಬರ್ತೀರಿ. ಇವತ್ತು ಕಾಣಿಸ್ತಾ?"

ಶಾಂತಾ ಬೆಳೆದ ಮನೆಯಲ್ಲಿ ಪಂಚಾಂಗದ ಶಕವರ್ಷ ಯಾವಾಗಲೂ ಇಂಗ್ಲಿಷ್ ವರ್ಷಕ್ಕಿಂತ ಹಿಂದೆ. ಎಪ್ಪತ್ತೆಂಟು ಕೂಡಿಸಬೇಕು, ಅದು ಅವರಿಗೆ ಬಾಯಿಪಾಠ. ಇಂಗ್ಲಿಷ್ ವರ್ಷಕ್ಕಿಂತ ಮುಂದೆ ಓಡುವ ಲೆಕ್ಕವೂ ಒಂದಿದೆ ಎಂಬುದು ಅವರಿಗೆ ಹೊಳೆದಿರಲೇ ಇಲ್ಲ. ಅಂಗಡಿಯಲ್ಲಿ ನಿಂತಲ್ಲೇ ಕಳೆದರು. 1984ರಲ್ಲಿ ಐವತ್ತಾರೋ ಐವತ್ತೇಳೋ ಹೋದರೆ 1927 ಅಥವಾ 28. ರೇವಾ ನಿವಾಸ ಆ ಓಣಿಯಲ್ಲೇ ಅತ್ಯಂತ ಹಳೆಯ ಮನೆ. ಕೊತ್ತಂಬರಿಯನ್ನು ಅಲ್ಲೇ ಬಿಟ್ಟು ಬಂದರು.

ಮನೆಗೆ ಬಂದು ಆ ಮನೆಯ ಹಾಳೆಯ ಪ್ರತಿ ತೆಗೆದರು. ಎರಡನೇ ಸಾಕ್ಷಿಯ ಜಾಗ ಖಾಲಿಯಿತ್ತು. ನೂರ ಮೂವತ್ತೇಳರಲ್ಲಿ ಆ ಜಾಗ ಖಾಲಿ ಬಿಟ್ಟದ್ದು ಅದೊಂದೇ ಹಾಳೆಯಲ್ಲಿ.

ಭಾನುವಾರ ಊಟದ ಮೇಜಿನ ಮುಂದೆ ಅಭಯನಿಗೆ ಎಲ್ಲವನ್ನೂ ಹೇಳಿದರು. ಗುರುವಾರ ಸಮಿತಿಯ ಸಭೆಯಿದೆ, ಹೋಗಿ ತಿದ್ದಿಸುತ್ತೇನೆ ಎಂದರು.

"ಅಮ್ಮ, ಯೋಚನೆ ಮಾಡು," ಎಂದ ಅಭಯ್. "ಕೊಂಡವರ ಲಾಯರ್ ಬರ್ತಾನೆ. ಒಂದು ಹಾಳೆ ತಪ್ಪು ಅಂದ್ರೆ ಎಲ್ಲಾನೂ ಡೌಟ್ ಮಾಡ್ತಾನೆ. ನಿನ್ನ ಮೂರು ವರ್ಷದ ಕೆಲಸ ಹೋಗತ್ತೆ. ಒಂದು ಮನೆಗೋಸ್ಕರ ನೂರ ಮೂವತ್ತಾರು ಮನೆ ರಿಸ್ಕ್ ಮಾಡ್ತೀಯಾ?"

"ತಪ್ಪು ಅಂತ ಗೊತ್ತಾದ ಮೇಲೆ ಹೇಗೋ ಸುಮ್ಮನಿರೋದು?"

"ಗೊತ್ತಾಗಿರೋದು ನಿನಗೊಬ್ಬಳಿಗೆ. ಇನ್ಯಾರಾದ್ರೂ ಹೇಳಲಿ. ಆ ಹಂಸಾಬೆನ್ ಹೇಳಲಿ."

"ಹಂಸಾಬೆನ್ ಹಾಳೆ ಬರೆದಿಲ್ಲ."

ಹನ್ನೆರಡರ ಮೊಮ್ಮಗಳು ಧನಶ್ರೀ ಫೋನಿನಿಂದ ತಲೆ ಎತ್ತಿದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ಇಟ್ಸ್ ಜಸ್ಟ್ ಒನ್ ರಾಂಗ್ ಆನ್ಸರ್. ಯು ಸ್ಟಿಲ್ ಗೆಟ್ ನೈಂಟಿ ನೈನ್ ಪರ್ಸೆಂಟ್."

"ನಿಮ್ಮಜ್ಜಿ ಹತ್ರ ಹಾಗೆಲ್ಲ ನಡೆಯಲ್ಲ," ಎಂದು ಅಭಯ್ ನಕ್ಕ. ಆಮೇಲೆ ಮೆಲ್ಲಗೆ, "ಅಮ್ಮ, ಈ ಕೆಲಸಾನೂ ಹೋದ್ರೆ ನೀನು ದಿನವಿಡೀ ಏನ್ ಮಾಡ್ತೀಯ?" ಎಂದ.

ಶಾಂತಾ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಆ ಪ್ರಶ್ನೆಯನ್ನು ಅವರು ಬುಧವಾರದಿಂದಲೇ ಕೇಳಿಕೊಳ್ಳುತ್ತಿದ್ದರು.

ಗುರುವಾರದ ಸಭೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಏಳು ಜನ ಕುಳಿತಿದ್ದರು. ನಡುವೆ ಅಧ್ಯಕ್ಷರು, ಕಿವಿ ಸ್ವಲ್ಪ ಮಂದವಾದ ಹಿರಿಯ ವಾಸ್ತುಶಿಲ್ಪಿ. ಕಿಟಕಿಯ ಪಕ್ಕದಲ್ಲಿ ಕೊಂಡವರ ವಕೀಲ. ಶಾಂತಾ ಎದ್ದು ನಿಂತು, ತರಗತಿಯಲ್ಲಿ ಹೇಳುವಂತೆ ಹಂತ ಹಂತವಾಗಿ ಹೇಳಿದರು: ಅಂಕಿ ಸರಿಯಾಗಿ ಓದಿದೆ, ಕಾಲಗಣನೆ ತಪ್ಪು ತಿಳಿದೆ, ಮನೆ 1927 ಅಥವಾ 28ರದು, ತಪ್ಪು ನನ್ನದು. ಅಧ್ಯಕ್ಷರು ಶಾಂತಾ ತಂದಿದ್ದ ಕ್ಯಾಲೆಂಡರಿನ ಫೋಟೋ ನೋಡಿ ತಲೆಯಾಡಿಸಿದರು.

"ಗುಜರಾತಿ ಅಂಕಿಯ ಹಾಳೆ ಇನ್ನೂ ಇವೆಯೇ ಮ್ವಾಲಿಮು?"

"ಇಲ್ಲ. ಇದೊಂದೇ."

"ಹಾಗಾದರೆ ಉಳಿದವೆಲ್ಲ ಸರಿ ಎಂದು ಬರೆದುಕೊಳ್ಳಲೇ?"

ಆ ಮುದುಕರು ಅವರಿಗೆ ಪಾರಾಗಲು ಬಾಗಿಲು ತೆರೆದು ಹಿಡಿದಿದ್ದರು. ಹೌದು ಎಂದರೆ ಸಾಕಿತ್ತು. ಶಾಂತಾ ಮೇಜಿನ ಮೇಲಿದ್ದ ತಮ್ಮ ಕಡತಗಳನ್ನು ನೋಡಿದರು.

"ಹಾಗೆ ಹೇಳಲಾರೆ ಸರ್. ಇದೂ ಇಷ್ಟು ವರ್ಷ ನನಗೆ ಸರಿಯಾಗೇ ಕಾಣಿಸ್ತಿತ್ತು."

ವಕೀಲ ಹಾಳೆಯನ್ನು ಎತ್ತಿ ಹಿಡಿದ. "ಉಳಿದ ಎಲ್ಲದರಲ್ಲೂ ಎರಡನೇ ಸಾಕ್ಷಿ ಬರೆದಿದ್ದೀರಿ ಮೇಡಂ. ಇದರಲ್ಲಿ ಯಾಕೆ ಇಲ್ಲ?"

"ಆ ವರ್ಷ ನನಗೆ ಇಷ್ಟವಾಗಿತ್ತು."

ಯಾರೋ ಇಬ್ಬರು ನಕ್ಕರು. ಅಧ್ಯಕ್ಷರಿಗೆ ಕೇಳಿಸಲಿಲ್ಲ, ಪಕ್ಕದವರು ಅವರ ಕಿವಿಯಲ್ಲಿ ಹೇಳಿದಾಗ ಅವರು ಮಾತ್ರ ನಗಲಿಲ್ಲ.

ತೀರ್ಮಾನ ಹದಿನೈದು ನಿಮಿಷದಲ್ಲಿ ಆಯಿತು. ರೇವಾ ನಿವಾಸವನ್ನು ಮೂರು ತಿಂಗಳು ಮುಟ್ಟಬಾರದು, ಅಷ್ಟರಲ್ಲಿ ಹಳೆಯ ದಾಖಲೆ ಹುಡುಕಬೇಕು. ಶಾಂತಾ ಅವರ ಎಲ್ಲ ಹಾಳೆಗಳನ್ನೂ ಸಮಿತಿಯ ಸಿಬ್ಬಂದಿ ಬೀದಿಗೆ ಹೋಗಿ ಮರುಪರಿಶೀಲನೆ ಮಾಡಬೇಕು. ಅಲ್ಲಿಯವರೆಗೆ ಅವು ಲೆಕ್ಕಕ್ಕಿಲ್ಲ.

"ನಾನೂ ಜೊತೆಗೆ ಹೋಗಬಹುದಾ?" ಎಂದು ಶಾಂತಾ ಕೇಳಿದರು. "ಟೇಪಿನ ಒಂದು ತುದಿ ಹಿಡ್ಕೋತೀನಿ, ಅಷ್ಟೇ."

"ಕ್ಷಮಿಸಿ ಮ್ವಾಲಿಮು," ಎಂದರು ಅಧ್ಯಕ್ಷರು. "ನಿಮ್ಮ ಉತ್ತರಪತ್ರಿಕೆ ತಿದ್ದುವಾಗ ನೀವು ಪಕ್ಕದಲ್ಲಿ ಇರುವಂತಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ."

ಶಾಂತಾ ಅಲ್ಲಿಂದ ನೇರವಾಗಿ ನ್ಯಾಂಬುರಾಳ ಹತ್ತಿರ ಹೋದರು.

"ಮೂರು ತಿಂಗಳು ಸಿಕ್ಕಿದೆ," ಎಂದರು.

ನ್ಯಾಂಬುರಾ ಎದ್ದು ಅವರ ಎರಡೂ ಕೈ ಹಿಡಿದಳು. "ಅಸಾಂಟೆ, ಮ್ವಾಲಿಮು! ಹೇಗೆ ಮಾಡಿದಿರಿ?"

"ವರ್ಷ ತಪ್ಪಾಗಿತ್ತು. ತಿದ್ದಿಸಿದೆ."

"ಯಾರು ತಪ್ಪು ಬರೆದಿದ್ದು? ಆ ಆಫೀಸಿನವರಾ?"

"ನಾನು."

ಕೈಗಳು ಸಡಿಲವಾದವು. ಮೇಲಿನ ಮಹಡಿಯಲ್ಲಿ ಹತ್ತೊಂಬತ್ತು ವರ್ಷ ಇದ್ದ ಸಂಸಾರ ಹೋದ ವಾರವೇ ಸಾಮಾನು ಕಟ್ಟಿಕೊಂಡು ಹೊರಟುಹೋಗಿತ್ತು. ಅಲ್ಲಿನ ಕಿಟಕಿಗಳಿಗೆ ಪರದೆ ಇರಲಿಲ್ಲ. ನ್ಯಾಂಬುರಾ ಆ ಕಡೆಗೊಮ್ಮೆ ನೋಡಿದಳು.

"ಹೆದರಬೇಡಿ, ನಮ್ಮ ಮ್ವಾಲಿಮು ಇದ್ದಾರೆ, ಅವರು ಬರೆದರೆ ಬರೆದಂತೆ, ಅಂತ ನಾನು ಅವರಿಗೆ ಹೇಳಿದ್ದೆ," ಎಂದಳು. "ಆಮೇಲೆ ನೀವೇ ಬಂದು ಹೊಸದು ಅಂದಿರಿ. ನೀವು ಅಂದ ಮೇಲೆ ಇನ್ನೇನು ಅಂತ ಅವರು ಹೊರಟರು."

"ಅವರ ವಿಳಾಸ ಇದೆಯಾ? ನಾನೇ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀರಿ? ಅಲ್ಲಿ ಮುಂಗಡ ಕೊಟ್ಟಾಗಿದೆ, ಮಕ್ಕಳನ್ನ ಬೇರೆ ಶಾಲೆಗೆ ಸೇರಿಸಿಯಾಗಿದೆ." ನ್ಯಾಂಬುರಾಳ ದನಿಯಲ್ಲಿ ಕೋಪವಿರಲಿಲ್ಲ, ಹಳೆಯ ಸಲುಗೆಯೂ ಇರಲಿಲ್ಲ. "ನನಗೆ ಇವತ್ತು ಅರವತ್ತು ಅಂಗಿ ಮುಗಿಸೋದಿದೆ."

ಅವಳು ಕುಳಿತು ಯಂತ್ರ ತುಳಿದಳು. ಶಾಂತಾ ಸ್ವಲ್ಪ ಹೊತ್ತು ನಿಂತು ನೋಡಿ ಹೊರಟರು.

ಸೋಮವಾರ ಸಮಿತಿಯವರು ಕೆಲಸ ಶುರು ಮಾಡಿದರು. ಮೊದಲ ಹಾಳೆಯ ಮನೆ ನ್ಗಾರಾದ ದೊಡ್ಡ ರಸ್ತೆಯಲ್ಲೇ ಇತ್ತು. ಎದುರು ಬದಿಯ ಹಾರ್ಡ್‌ವೇರ್ ಅಂಗಡಿಯ ಮುಂದೆ, ಪೈಪುಗಳ ರಾಶಿಯ ಪಕ್ಕದಲ್ಲಿ ಶಾಂತಾ ನಿಂತಿದ್ದರು. ಜೊತೆಗೆ ಹೋಗಬಾರದು ಎಂದಿದ್ದರೇ ಹೊರತು ರಸ್ತೆಯಲ್ಲಿ ನಿಲ್ಲಬಾರದು ಎಂದಿರಲಿಲ್ಲ. ಒಬ್ಬ ಯುವಕ, ಒಬ್ಬಳು ಯುವತಿ ಹಳದಿ ಟೇಪು ಎಳೆಯುತ್ತಿದ್ದರು. ಇಬ್ಬರೂ ಎಡಗಡೆಯ ಗೇಟನ್ನು ತಳ್ಳಿದರು. ಅದು ತೆರೆಯುವುದಿಲ್ಲ, ಒಳಗಿನಿಂದ ಇಟ್ಟಿಗೆ ಕಟ್ಟಿದ್ದಾರೆ. ಪಕ್ಕದ ಸಂದಿಯಿಂದ ಹೋಗಬೇಕು. ಶಾಂತಾ ಬಾಯಿ ತೆರೆದು ಮುಚ್ಚಿದರು. ನಡುವೆ ಮಟಾಟುಗಳು ಹಾರನ್ ಹೊಡೆಯುತ್ತ ಸಾಗುತ್ತಿದ್ದವು.

ಸುಮಾರು ಹೊತ್ತಿನ ಮೇಲೆ ಆ ಇಬ್ಬರಿಗೇ ಸಂದಿ ಸಿಕ್ಕಿತು. ಅಳೆದರು, ಮತ್ತೊಮ್ಮೆ ಅಳೆದರು. ಯುವತಿ ಮನೆಯ ನೆತ್ತಿಯನ್ನು ನೋಡಿದಳು, ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ಯುವಕನಿಗೆ ಏನೋ ಹೇಳಿದಳು. ಅವನು ಹಾಳೆ ತೆಗೆದುಕೊಂಡು ಗೋಡೆಗೆ ಒತ್ತಿ ಹಿಡಿದು ಪೆನ್ನಿನಿಂದ ಗುರುತು ಹಾಕಿದ. ಸರಿಯ ಗುರುತೋ ತಪ್ಪಿನದೋ ಇಲ್ಲಿಂದ ಕಾಣುತ್ತಿರಲಿಲ್ಲ. ಶಾಂತಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡುವಷ್ಟರಲ್ಲಿ ಅವರಿಬ್ಬರೂ ಎರಡನೇ ಮನೆಯ ಕಡೆ ಹೊರಟಿದ್ದರು. ಶಾಂತಾ ಅವರೂ ತಮ್ಮ ಬದಿಯ ಕಾಲುದಾರಿಯಲ್ಲಿ, ಜನರ ನಡುವೆ ದಾರಿ ಮಾಡಿಕೊಳ್ಳುತ್ತಾ, ಆ ಮನೆಯ ಎದುರಿನವರೆಗೆ ನಡೆದರು.