ಅಪ್ಪಣೆ ಕೊಡದ ಮ್ಯಾನೇಜರ್

ಶ್ರೀಮಂಗಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹಾಜರಿ-ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ನಮ್ಮ ಮ್ಯಾನೇಜರ್ ಮೈಸೂರಿಗೆ ತರಬೇತಿಗೆಂದು ಹೋಗಿ ನಾಯಕತ್ವದ ಪುಸ್ತಕವೊಂದನ್ನು ತಂದರು. ಎಲ್ಲ ಕಡೆ ಬಿಸಿ ದೋಸೆಯಂತೆ ಮಾರಾಟವಾಗುತ್ತಿದ್ದ ಪುಸ್ತಕವಂತೆ. ನನಗೂ ಒಂದು ಪ್ರತಿ ಕೊಟ್ಟು, "ಓದಿ. ಇನ್ನು ನಾನು ಯಾರಿಗೂ ಅಪ್ಪಣೆ ಕೊಡೋದಿಲ್ಲ" ಎಂದರು. ಒಳ್ಳೆಯ ನಾಯಕ ಹೇಳುವುದಿಲ್ಲ, ಕೇಳುತ್ತಾನೆ ಎಂಬುದೇ ಅದರ ಸಾರ.

ಮರುದಿನ ಹಾಜರಿ ಮುಗಿದ ಮೇಲೆ ಮೇಸ್ತ್ರಿ, "ಇವತ್ತು ಯಾವ ಬ್ಲಾಕಿಗೆ ಸಾರ್?" ಎಂದು ಮ್ಯಾನೇಜರನ್ನು ಕೇಳಿದ.

"ನಿಮಗೇನನ್ನಿಸುತ್ತೆ?"

ಮೇಸ್ತ್ರಿ ನನ್ನ ಮುಖ ನೋಡಿದ. "ನಮ್ಮಿಂದ ಏನಾದ್ರೂ ತಪ್ಪಾಯ್ತಾ ಸಾರ್?"

"ತಪ್ಪಾಗಿದೆ ಅಂತ ಯಾಕನ್ನಿಸ್ತು?"

ಪಿಕಿಂಗಿಗೆ ಬಂದ ಹೆಂಗಸರು ಚೀಲ ಹಿಡಿದು ನಿಂತೇ ಇದ್ದರು. ಕೊನೆಗೆ ಅರ್ಧ ಜನ ಕೆರೆ ಬದಿಗೆ, ಅರ್ಧ ಜನ ಗುಡ್ಡಕ್ಕೆ ಹೋದರು. ಹಣ್ಣು ಸಾಗಿಸುವ ಟ್ರ್ಯಾಕ್ಟರ್ ಯಾವ ಕಡೆಗೆಂದು ತಿಳಿಯದೆ ಸಂಜೆವರೆಗೂ ಗೋದಾಮಿನ ಮುಂದೆ ನಿಂತಿತ್ತು. "ಜನ ಯೋಚಿಸೋಕೆ ಶುರು ಮಾಡಿದ್ದಾರೆ, ನೋಡಿದ್ರಾ?" ಎಂದು ಮ್ಯಾನೇಜರ್ ಸಂತೋಷಪಟ್ಟರು.

ಪುಸ್ತಕವನ್ನು ನಾನು ಶ್ರದ್ಧೆಯಿಂದಲೇ ಓದಿದೆ. ಓದಿಸಿಕೊಂಡು ಹೋಗುತ್ತದೆ, ಸುಳ್ಳೇಕೆ. ಆದರೆ ಅದರ ಕಥೆಗಳಲ್ಲಿ ಯಜಮಾನ ಪ್ರಶ್ನೆ ಕೇಳಿದ ಕೂಡಲೇ ಕೆಲಸಗಾರನ ಬಾಯಲ್ಲಿ ಸರಿಯಾದ ಉತ್ತರ ಸಿದ್ಧವಾಗಿರುತ್ತದೆ. ತಪ್ಪು ಉತ್ತರ ಕೊಟ್ಟವನು ಒಬ್ಬನೂ ಇಲ್ಲ. ಉತ್ತರ ತಪ್ಪಿದರೆ ಬೈಗುಳ ಯಾರ ಪಾಲಿಗೆ ಎಂಬುದರ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಆ ಲೇಖಕರ ಆಫೀಸುಗಳಲ್ಲಿ ಆನೆಯೂ ಇಲ್ಲ.

ನಮ್ಮಲ್ಲಿ ಇತ್ತು. ಒಂದು ಮಧ್ಯಾಹ್ನ ಮ್ಯಾನೇಜರೂ ನಾನೂ ಜೀಪಿನಲ್ಲಿ ಹೋಗುವಾಗ ತಿರುವಿನಲ್ಲೇ ಒಂಟಿ ಸಲಗ ನಿಂತಿತ್ತು. ಡ್ರೈವರ್ ಎಂಜಿನ್ ಆರಿಸಿ, "ಏನ್ ಮಾಡೋದು ಸಾರ್?" ಎಂದು ಪಿಸುಗುಟ್ಟಿದ.

"ನಿನಗೇನನ್ನಿಸುತ್ತೆ?"

"ಓಡ್ಬೇಕು ಅನ್ನಿಸ್ತದೆ ಸಾರ್."

"ಬೇರೆ ದಾರಿ ಯೋಚಿಸಿದ್ಯಾ?"

ಅವನು ಯೋಚಿಸಲಿಲ್ಲ. ಇಳಿದು ಓಡಿಯೇಬಿಟ್ಟ. ಕೀಲಿಯೂ ಅವನ ಜೊತೆಗೇ ಹೋಯಿತು. ನಾವಿಬ್ಬರೂ ಸೀಟಿನಲ್ಲಿ ಮುದುರಿ ಕೂತೆವು. ಆನೆ ಬಾನೆಟ್ ಮೂಸಿತು, ಪಕ್ಕದ ಬೈನೆ ಮರ ಮುರಿದು ನಿಧಾನವಾಗಿ ತಿಂದಿತು, ಆಮೇಲೆ ತೋಟಕ್ಕಿಳಿಯಿತು. ಅಷ್ಟು ಹೊತ್ತೂ ಮ್ಯಾನೇಜರ್ ನನ್ನ ತೋಳು ಬಿಗಿಹಿಡಿದು, "ಅಲ್ಲಾಡ್ಬೇಡಿ, ಮಾತಾಡ್ಬೇಡಿ" ಎನ್ನುತ್ತಿದ್ದರು. ಬಹಳ ದಿನಗಳ ಮೇಲೆ ಅವರ ಬಾಯಿಂದ ಅಪ್ಪಣೆ ಕೇಳಿ, ಆ ಭಯದಲ್ಲೂ ನನಗೆ ಸಮಾಧಾನವಾಯಿತು.

ಮರುದಿನ ಅವರು ಎಲ್ಲರನ್ನೂ ಸೇರಿಸಿ, ಸ್ವಂತ ಬುದ್ಧಿಯಿಂದ ತೀರ್ಮಾನ ತೆಗೆದುಕೊಂಡನೆಂದು ಡ್ರೈವರಿಗೆ ಶಾಲು ಹೊದಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಅವನು ಶಾಲು ಮಡಚಿಕೊಂಡು ನೇರ ನನ್ನ ಮೇಜಿನ ಬಳಿ ಬಂದ.

"ರೈಟರೇ, ನನ್ನನ್ನ ತೆಗೆದುಹಾಕಿದ್ರಾ, ಇಟ್ಕೊಂಡ್ರಾ?"

"ಇಟ್ಕೊಂಡಿದ್ದಾರೆ" ಎಂದೆ.

ಅವನು ನಂಬಲಿಲ್ಲ. ಸ್ವಲ್ಪ ದಿನದಲ್ಲೇ ಕರಿಕೆ ಕಡೆಯ ಒಂದು ತೋಟಕ್ಕೆ ಸೇರಿಕೊಂಡ. ಅಲ್ಲಿನ ಸಾಹುಕಾರರು ಬೆಳಿಗ್ಗೆಯಿಂದಲೇ ಬೈಯುತ್ತಾರೆ, ಆರಾಮಾಗಿದ್ದೇನೆ ಎಂದು ಫೋನ್ ಮಾಡಿ ಹೇಳಿದ.