ತಾನಾಗಿ ಮುಚ್ಚಿಕೊಂಡ ಬಾಗಿಲು

ನನ್ನ ಮನೆಗೆ ಈತನಕ ಕಳ್ಳರು ಬಂದಿಲ್ಲ. ಬಂದರೂ ಕೈಬೀಸಿಕೊಂಡೇ ಹೋಗಬೇಕಾದೀತು. ಆದರೆ ನನ್ನ ಸರ್ವರಿನ ಬಾಗಿಲನ್ನು ಮಾತ್ರ ಹಗಲಿರುಳೂ ಯಾರೋ ತಟ್ಟುತ್ತಲೇ ಇರುತ್ತಾರೆ. ಮೊದಲ ಸಲ ಇದು ಗೊತ್ತಾದಾಗ ನನಗೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಬೇಕು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಕಂಪ್ಯೂಟರಿನಲ್ಲಿ ಇಣುಕಲು, ನಾನು ಹೆಸರೇ ಕೇಳದ ದೇಶಗಳಿಂದ ಜನ ಬರುತ್ತಾರೆಂದರೆ ಸಣ್ಣ ಮಾತೇ?

ಸರ್ವರ್ ಎಂದೊಡನೆ ದೊಡ್ಡದೇನೋ ಎಂದುಕೊಳ್ಳಬೇಡಿ. ಕೊಲ್ಹಾಪುರದಲ್ಲಿ ಕೊಂಡ ಹಳೆಯ ಕಂಪ್ಯೂಟರು. ಇಚಲಕರಂಜಿಯ ನನ್ನ ರಿಪೇರಿ ಅಂಗಡಿಯ ಮೂಲೆಯಲ್ಲಿ, ಹತ್ತಿಯ ಧೂಳು ಬೀಳದಂತೆ ಹಳೆಯ ಧೋತರ ಹೊದ್ದು ಕೂತಿದೆ. ನಮ್ಮ ಗಲ್ಲಿಯ ಪವರ್‌ಲೂಮ್ ಶೆಡ್ಡಿನ ಗೋಡೆಗೆ ಒಂದು ಫೋನು ತೂಗುಹಾಕಿದ್ದೇವೆ. ಯಾವ ಮಗ್ಗ ಕೆಟ್ಟಿದೆ ಎಂದು ನೇಕಾರರು ಅದರಲ್ಲಿ ಒತ್ತಿದರೆ ಇಲ್ಲಿ ದಾಖಲಾಗುತ್ತದೆ. ಜಾಬರ್, ಅಂದರೆ ಮಗ್ಗ ರಿಪೇರಿಯ ಮಿಸ್ತ್ರಿ, ಅದೇ ಫೋನಿನಲ್ಲಿ ತನ್ನ ಗುಪ್ತ ಸಂಖ್ಯೆ ಒತ್ತಿ ನೋಡಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಕದಿಯಬೇಕೆಂದರೂ ಅಲ್ಲಿರುವುದು ‘ಹನ್ನೊಂದನೇ ಮಗ್ಗದ ಪಟ್ಟಾ ಜಾರುತ್ತಿದೆ’ ಎಂಬಷ್ಟೇ ಸುದ್ದಿ. ಸಮುದ್ರದಾಚೆಯ ಕಳ್ಳನಿಗೆ ನಮ್ಮ ಮಗ್ಗದ ಬೆಲ್ಟಿನ ಚಿಂತೆ ಯಾಕೋ ದೇವರೇ ಬಲ್ಲ. ಆದರೂ ಸ್ವಂತ ದುಡಿಮೆಯಿಂದ ಕಟ್ಟಿದ್ದನ್ನು ಕಾಯದೆ ಬಿಡುವ ಪೈಕಿ ನಾನಲ್ಲ.

ಹಲವು ದಿನ ಓದಿ, ತಪ್ಪಿ, ಮತ್ತೆ ಓದಿ ಒಂದು ನಿಯಮ ಬರೆದೆ. ಒಂದೇ ಇಂಟರ್ನೆಟ್ ವಿಳಾಸದಿಂದ ಮೂರು ಸಲ ತಪ್ಪು ಸಂಖ್ಯೆ ಬಂದರೆ ಫೈರ್‌ವಾಲ್ ಆ ವಿಳಾಸವನ್ನು ತಾನಾಗಿ ತಡೆಯಬೇಕು. ಎಷ್ಟು ಹೊತ್ತು ತಡೆಯಬೇಕೆಂಬ ಜಾಗದಲ್ಲಿ ‘ಕಾಯಂ’ ಎಂದೆ. ಅಷ್ಟಕ್ಕೂ ಮನಸ್ಸು ತುಂಬದೆ, ತಡೆದವರಿಗೆ ಕಾಣಲೆಂದು ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಸಾಲು ಬರೆದಿಟ್ಟೆ: ‘ನಿನಗಿನ್ನು ಒಳಗೆ ಪ್ರವೇಶವಿಲ್ಲ. ಹೋಗು.’

ಈ ಬುದ್ಧಿ ನನ್ನದಲ್ಲ, ಮಗ್ಗದ್ದು. ಮಗ್ಗದಲ್ಲಿ ಒಂದು ಸಣ್ಣ ಕಬ್ಬಿಣದ ಬೆರಳಿರುತ್ತದೆ. ಲಾಳಿ ಓಡಾಡುವಾಗ ಎಳೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವುದೇ ಅದರ ಕೆಲಸ. ಎಳೆ ಕಡಿದಿದ್ದರೆ ಮಗ್ಗ ತಟ್ಟನೆ ನಿಲ್ಲುತ್ತದೆ. ಶಾಲೆ ಬಿಟ್ಟು ಶೆಡ್ಡಿಗೆ ಬಂದ ನನಗೆ ಇದನ್ನು ಕಲಿಸಿದವರು ನೂಲ ಎಂಬ ಊರಿನ ಮಲ್ಲಪ್ಪಕಾಕಾ. ರಕ್ತಸಂಬಂಧವಲ್ಲ, ಆದರೆ ನನ್ನ ಕೈಗೆ ಮೊದಲು ನಟ್ಟು ಬಿಗಿಯುವ ಪಾನಾ ಕೊಟ್ಟವರು. ಇಂದಿಗೂ ನಮ್ಮ ಶೆಡ್ಡಿನ ಜಾಬರ್ ಅವರೇ.

ನಿಯಮ ಹಾಕಿದ ಮರುದಿನ, ತಡೆಯಲ್ಪಟ್ಟವರ ಪಟ್ಟಿ ಬೆಳೆಯುವುದನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ. ಶೆಡ್ಡಿನ ಮಾಲಕನ ಫೋನು ಬಂತು.

“ಶಿವಪ್ಪಣ್ಣಾ, ಕಾಕಾ ಪಾನಾ ಕೆಳಗಿಟ್ಟ ಊರಿಗಿ ಹೋಗ್ಯಾರ. ಫೋನಿನ್ಯಾಗ ನೀವ ಏನೋ ಬರದೀರಂತ. ‘ನಾ ಬೆಳಸಿದಾಂವನ ನನಗ ಹೋಗ ಅಂದ’ ಅಂತ ಅಂದ್ರು. ಇಲ್ಲಿ ನಾಕ ಮಗ್ಗ ನಿಂತಾವ ನೋಡ್ರಿ.”

ಪಟ್ಟಿಯನ್ನು ಮತ್ತೆ ನೋಡಿದೆ. ದೂರದೇಶದ ಕಳ್ಳರ ನಡುವೆ ಒಂದು ವಿಳಾಸ ನಮ್ಮ ಶೆಡ್ಡಿನದೇ. ಮೂರು ಸಲ ಬಾಗಿಲು ತಟ್ಟಿದ್ದಾರೆ, ಮೂರು ಸಲವೂ ಸಂಖ್ಯೆಯ ಜಾಗ ಖಾಲಿ; ನನ್ನ ನಿಯಮಕ್ಕೆ ಅದೂ ತಪ್ಪು ಸಂಖ್ಯೆಯೇ. ಕಾಕಾನ ಹತ್ತಿರ ಸ್ವಂತ ಫೋನಿಲ್ಲ. ತಕ್ಷಣ ಗಾಡಿ ಹತ್ತಿದೆ. ಗಡಹಿಂಗ್ಲಜ ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನೂಲ ಬಂದಾಗ ಒಂದೂ ನೆನಪಿರಲಿಲ್ಲ.

ಕಾಕಾನ ಹೆಂಡತಿ ಕಾಕು ತಂಬಿಗೆಯಲ್ಲಿ ನೀರು ತಂದಿಟ್ಟಳು. “ಒಳಗ ಬಾರಪಾ. ನಮ್ಮ ಮನಿ ಬಾಗಲಾ ಯಾರಿಗೂ ಬಂದ್ ಇಲ್ಲ.”

ಕಾಕಾ ಮುಖ ಎತ್ತಲಿಲ್ಲ.

“ಕಾಕಾ, ಅದ ನಿಮಗ ಬರದದ್ದಲ್ರಿ. ಕಳ್ಳರಿಗಿ ಬರದದ್ದು.”

“ಯಾ ಊರ ಕಳ್ಳರು?”

“ಪರದೇಶದಾವ್ರು.”

“ಅವರಿಗಿ ಕನ್ನಡಾ ಓದಾಕ ಬರತೈತೇನೋ ಶಾಣ್ಯಾ?”

ಅಷ್ಟು ಸಿಟ್ಟಿನಿಂದ ಬರೆದ ಆ ಸಾಲನ್ನು ಓದಬಲ್ಲವರು ಇಡೀ ಜಗತ್ತಿನಲ್ಲಿ ನಮ್ಮವರು ಮಾತ್ರ. ಇಷ್ಟು ಸಣ್ಣ ವಿಷಯ ನನ್ನ ಅಷ್ಟೆಲ್ಲ ಓದಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

“ಆದರ ನೀವು ನಂಬರ್ ಹಾಕದ ಮೂರ ಸಲ ಯಾಕ ಒತ್ತಿದ್ರಿ?”

“ದಿನಾ ಹಂಗ ಒತ್ತತೇನಿ. ಮಗ್ಗಾ ಚಾಲೂ ಮಾಡೂ ಮೊದಲ ಗಾಲಿ ಕೈಲೆ ಎರಡ ಮೂರ ಸುತ್ತ ಖಾಲಿ ತಿರುವಿ ನೋಡಬೇಕಂತ ನಿನಗ ಕಲಿಸಿಲ್ಲೇನ? ಅದೂ ಯಂತ್ರ, ಇದೂ ಯಂತ್ರ.”

ನಾನೂ ಹಟ ಬಿಡಲಿಲ್ಲ. “ನೀವ ಕಲಿಸಿದ್ದನ್ನ ನಾನೂ ಮಾಡೇನ್ರಿ. ಎಳಿ ಕಡದ್ರ ಮಗ್ಗಾ ತಾನ ನಿಲ್ಲಾಂಗಿಲ್ಲೇನು?”

“ನಿಲ್ತೈತಿ. ಯಾಕ ನಿಲ್ತೈತಿ?”

“ಎಳಿ ಕಡದದ್ದಕ್ಕ.”

“ಅಲ್ಲೋ ಮಾರಾಯಾ. ಯಾರರ ಬಂದ ಎಳಿ ಕೂಡಸಲಿ ಅಂತ ನಿಲ್ತೈತಿ. ನಿಲ್ಲೂದ ಮಗ್ಗದ ಕೆಲಸ, ಬರೂದ ಮನಶ್ಯಾನ ಕೆಲಸ. ನಿಂದು ನಿಂತಾಗ ನೀ ಎಲ್ಲಿದ್ದಿ?”

ಚಹಾ ಕುಡಿಯುತ್ತಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಿವಿ ಮಂದವಾದ ಆ ಮನುಷ್ಯ ಗಟ್ಟಿಯಾಗಿಯೇ ಮಾತಾಡುತ್ತಾರೆ. ಅಂದು ಮಾತ್ರ ಮೆಲ್ಲಗೆ ಹೇಳಿದರು. ಅದೇ ಹೆಚ್ಚು ತಾಗಿತು.

ಅವರ ಪಡಸಾಲೆಯಲ್ಲೇ ಕೂತು ನನ್ನ ಫೋನಿನಿಂದ ಸರ್ವರ್ ತೆರೆದೆ. ‘ಕಾಯಂ’ ಅಳಿಸಿ ಹತ್ತು ನಿಮಿಷ ಮಾಡಿದೆ. ಕಳ್ಳನೂ ಬೇಕಿದ್ದರೆ ಹತ್ತು ನಿಮಿಷ ಕೂತು ಯೋಚಿಸಲಿ. ಶೆಡ್ಡಿನ ಫೋನಿಗೆ ತಡೆ ಬಿದ್ದರೆ ಆ ಕ್ಷಣವೇ ನನಗೆ ಸುದ್ದಿ ಬರುವಂತೆ ಬರೆದೆ. ಆ ಸಾಲನ್ನೂ ಬದಲಿಸಿದೆ: ‘ಸ್ವಲ್ಪ ನಿಲ್ಲಿ, ಬಂದೆ.’ ಓದಿ ತೋರಿಸಿದಾಗ ಕಾಕಾ ಎದ್ದು ಹಿತ್ತಲಿಗೆ ನಡೆದರು. ಕಾಕು ಮಾತ್ರ, “ಊಟಾ ಮಾಡಿ ಹೋಗ,” ಎಂದಳು. ಕಾಕಾ ಕೆಲಸಕ್ಕೆ ಬರುತ್ತಾರೋ ಇಲ್ಲವೋ ತಿಳಿಯದೆ ಮರಳಿದೆ.

ಮರುದಿನ ಮುಂಜಾನೆ ಪಾಳಿ ಬದಲಾಗುವ ಹೊತ್ತಿಗೆ ನನ್ನ ಫೋನು ಸದ್ದು ಮಾಡಿತು. ಶೆಡ್ಡಿನ ವಿಳಾಸ, ಮೂರು ಸಲ, ಮೂರೂ ಖಾಲಿ. ನನ್ನ ಸರ್ವರಿನ ಮೇಲೆ ಇಷ್ಟು ಸಂತೋಷದ ದಾಳಿ ಅದಕ್ಕೂ ಮೊದಲು ಆಗಿರಲಿಲ್ಲ. ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಎಳೆ ಕೂಡಿಸಲು ಹೊರಟೆ.